ಕತ್ತರಿಯಿಂದ ಹುಟ್ಟುವ ಅಚ್ಚಿನ ದೋಷ

ಮಾನ್ಯರೇ,

ದಾವಣಗೆರೆಯ ಹಳೇ ಮಂಡಿಗಳ ಕಾಗದಪತ್ರ ಗುಜರಿಗೆ ಬಿದ್ದಾಗ ಬ್ರಿಟಿಷ್ ಕಾಲದ ಅಂಚೆಚೀಟಿಗಳನ್ನು ‘ಮುದ್ರಣ ದೋಷದ್ದು, ಅಪರೂಪದ್ದು’ ಎಂದು ಹೇಳಿ ಹೆಚ್ಚು ಬೆಲೆಗೆ ಮಾರುವವರಿದ್ದಾರೆ. ನಿಜವಾದ ದೋಷವೆಂದರೆ 1854ರ ನಾಲ್ಕಾಣೆ ಚೀಟಿಯಂಥದ್ದು. ಕಲ್ಕತ್ತದ ಕಲ್ಲಚ್ಚಿನಲ್ಲಿ ಕೆಂಪು ಚೌಕಟ್ಟು, ನೀಲಿ ತಲೆ ಬೇರೆ ಬೇರೆಯಾಗಿ ಅಚ್ಚಾಗುತ್ತಿದ್ದವು. ಹಾಳೆ ತಿರುಗುಮುರುಗಾಗಿ ವಿಕ್ಟೋರಿಯಾ ರಾಣಿ ತಲೆಕೆಳಗಾದಳು. ಅದು ನಮ್ಮೂರ ಗುಜರಿಯಲ್ಲಿ ಸಿಗುವುದು ದೂರದ ಮಾತು.

ಇಲ್ಲಿ ಕಾಣುವುದು ಹೆಚ್ಚಾಗಿ ಬಿಸಿಲಿಗೆ ಬಣ್ಣ ಮಾಸಿದ್ದು, ಇಲ್ಲವೇ ಚೀಟಿ ಹರಿಯಲು ಹಾಕಿದ ರಂಧ್ರಗಳಿಂದಾದ ಹಲ್ಲಂಚು ಕತ್ತರಿಸಿ, ಅಚ್ಚಿನಲ್ಲೇ ‘ರಂಧ್ರ ಬೀಳದ ಚೀಟಿ’ ಎಂದು ದಾಟಿಸುವಂಥದ್ದು. ಅಂಥ ಚೀಟಿಯನ್ನು ಎರಡು ಬಿಡಿಸದೆ ಜೋಡಿಯಾಗಿದ್ದರೆ ಮಾತ್ರ ಪರಿಗಣಿಸಿ. ಒಂಟಿ ಚೀಟಿಯ ಅಂಚು ಸವರಲು ಎಷ್ಟು ಹೊತ್ತು? ಚೀಟಿಯಲ್ಲಿನ ರಾಣಿಯ ತಲೆಯನ್ನು ಕೆರೆದು ತೆಗೆದು ತಲೆಕೆಳಗಾಗಿ ಮತ್ತೆ ಬರೆದಿದ್ದರೆ ಹತ್ತು ಪಟ್ಟಿನ ಮಸೂರದಲ್ಲಿ ಕಾಗದದ ನಾರು ಎದ್ದಿರುವುದು ಕಾಣುತ್ತದೆ, ಬೆಳಕಿಗೆ ಹಿಡಿದರೆ ಆ ಜಾಗ ತೆಳು. ಈಚಿನ ಬಿಳುಪು ಕಾಗದದ ನಕಲು ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ.

ದೊಡ್ಡ ಮೊತ್ತ ಕೇಳಿದರೆ ಮೊದಲು ತಜ್ಞರ ಪ್ರಮಾಣಪತ್ರ, ಆಮೇಲೆ ದುಡ್ಡು. ಲಕೋಟೆ ಮೇಲಿನ ಚೀಟಿಯನ್ನು ನೀರಿಗೆ ಹಾಕಬೇಡಿ. ಮೊಹರಿನ ಊರು, ತಾರೀಖೇ ಅರ್ಧ ಸಾಕ್ಷ್ಯ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ಅದರ ಅಂಟಿನ ಹಳದಿ ಕಲೆ ಕಾಗದದೊಳಕ್ಕೇ ಇಳಿಯುತ್ತದೆ.

– ಅಂಚೆಚೀಟಿ ಸಂಗ್ರಾಹಕರು, ದಾವಣಗೆರೆ