ಮೊದಲು ತೊಳೆ, ಆಮೇಲೆ ಕತ್ತರಿ

ಉಡುಪಿ

ಪ್ರೀತಿಯ ಸುಜಾತಾ,

ದೊಡ್ಡಮ್ಮನ ಆಶೀರ್ವಾದ. ನಿನ್ನನ್ನು ಮಂಗಳೂರಿನಲ್ಲಿ ನರ್ಸ್ ಕೆಲಸಕ್ಕೆ ಸರ್ಜಿಕಲ್ ವಾರ್ಡಿಗೆ ಹಾಕಿದ್ದಾರೆಂದು ಅಮ್ಮ ಹೇಳಿದಳು. ಇನ್ನು ಡ್ರೆಸ್ಸಿಂಗ್ ದಿನನಿತ್ಯದ ಕೆಲಸ. ಯಾವ ಮುಲಾಮು ಹಚ್ಚುವುದೆಂದು ಎಲ್ಲರೂ ಕೇಳುತ್ತಾರೆ. ಎಷ್ಟು ತೊಳೆಯಬೇಕೆಂದು ಕೇಳುವವರು ಕಡಿಮೆ. ನೀನು ಅದನ್ನು ಮೊದಲು ಕಲಿ.

ಮಣ್ಣು ಮೆತ್ತಿದ ಗಾಯಕ್ಕೆ ಸೆಂಟಿಮೀಟರ್ ಉದ್ದಕ್ಕೆ 50ರಿಂದ 100 ಮಿ.ಲೀ. ಸಲೈನ್, ಅಂದರೆ ಕ್ರಿಮಿಯಿಲ್ಲದ ಉಪ್ಪುನೀರು, ಲೆಕ್ಕ. ಐದು ಸೆಂ.ಮೀ. ಸೀಳಿದ್ದರೆ ಅರ್ಧ ಲೀಟರಿನ ಬಾಟಲಿ ಪೂರ್ತಿ ಖಾಲಿಯಾದರೂ ಜಿಪುಣತನ ಬೇಡ. ಹತ್ತಿ ಅದ್ದಿ ಒರೆಸಿದರೆ ಮಣ್ಣು ಅಲ್ಲೇ ಇರುತ್ತದೆ, ಜೊತೆಗೆ ಹತ್ತಿಯ ಎಳೆಯೂ ಉಳಿಯುತ್ತದೆ. 20 ಮಿ.ಲೀ. ಸಿರಿಂಜಿಗೆ ರಕ್ತನಾಳಕ್ಕೆ ಡ್ರಿಪ್ ಹಾಕುವ 18 ಗೇಜ್ (ದಪ್ಪದ ಅಳತೆ) ಕ್ಯಾನುಲಾದ ಪ್ಲಾಸ್ಟಿಕ್ ಕೊಳವೆ ಮಾತ್ರ ಸಿಕ್ಕಿಸಿ, ಸೂಜಿ ತೆಗೆದಿಟ್ಟು, ಒತ್ತು. ಒತ್ತಡ 4ರಿಂದ 15 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ಒಳಗಿರಬೇಕು. ಕಡಿಮೆಯಾದರೆ ಕೊಳೆ ಏಳುವುದಿಲ್ಲ, ಅತಿಯಾದರೆ ಮಾಂಸಕ್ಕೇ ಪೆಟ್ಟು, ಕ್ರಿಮಿಯೂ ಒಳಕ್ಕೆ ಹೋಗುತ್ತದೆ. ಸಲೈನ್ ಮೈಬಿಸಿಯಷ್ಟಿರಲಿ, ತಣ್ಣಗಿದ್ದರೆ ಗಾಯ ಮಾಯುವುದು ನಿಧಾನ. ನೀರು ಎರಚುತ್ತದೆ, ಕನ್ನಡಕ ಮರೆಯಬೇಡ.

ಮಲ್ಪೆ ಬಂದರಿನವರು ತೊರಕೆ ಮೀನಿನ (ಸ್ಟಿಂಗ್‌ರೇ) ಮುಳ್ಳು ಚುಚ್ಚಿಸಿಕೊಂಡು ಬಂದರೆ ಈ ಲೆಕ್ಕ ನಡೆಯದು. ಆ ಗಾಯದ ಬಾಯಿ ಕಿರಿದು, ಆಳ ಜಾಸ್ತಿ. ರಭಸದಿಂದ ಹೊಡೆದ ನೀರು ಹೊರಬರದೆ ಒಳಗೇ ಹರಡುತ್ತದೆ. ಮುಳ್ಳಿನ ಚೂರು ಉಳಿದಿದೆಯೇ ಎಂದು ಎಕ್ಸ್‌ರೇ ಮಾಡಿಸಲು ಡಾಕ್ಟರಿಗೆ ನೆನಪಿಸು, ಟಿ.ಟಿ. (ಧನುರ್ವಾಯು ತಡೆಯುವ ಚುಚ್ಚುಮದ್ದು) ಯಾವಾಗ ಆಗಿದೆ ಎಂದೂ ಕೇಳು.

ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದಾಗ ಗಾಯ ಚೊಕ್ಕಟವಾಯಿತೆಂದು ಕಾಣುತ್ತದೆ. ಅದು ಕ್ರಿಮಿಯನ್ನು ಸುಟ್ಟಂತೆ ಹೊಸದಾಗಿ ಹುಟ್ಟುವ ಜೀವಕೋಶವನ್ನೂ ಸುಡುತ್ತದೆ. ದಿನಾ ಸುರಿಯುವ ಅಭ್ಯಾಸ ಬೇಡ, ಮಾರಾಯ್ತಿ.

ಇನ್ನು ಸತ್ತ ಮಾಂಸ. ಹಳದಿ ಸ್ಲಫ್, ಅಂದರೆ ಗಾಯಕ್ಕೆ ಅಂಟಿದ ಮೆತ್ತನೆಯ ಸತ್ತ ಪದರ, ತೆಳ್ಳಗಿದ್ದರೆ ಹೈಡ್ರೋಜೆಲ್ ಎಂಬ ನೀರಿನಂಶದ ಲೋಳೆ ಹಾಕಿ ಮುಚ್ಚಿದರೆ ದೇಹವೇ ಅದನ್ನು ಕರಗಿಸುತ್ತದೆ, ಆದರೆ ದಿನಗಳು ಹಿಡಿಯುತ್ತವೆ. ಕೀವು ಹರಡುತ್ತಿದ್ದರೆ ಅಷ್ಟು ಕಾಯುವಂತಿಲ್ಲ, ಡಾಕ್ಟರು ಬ್ಲೇಡ್ ಹಿಡಿಯಲೇಬೇಕು. ಒದ್ದೆ ಗಾಜ್ ಬಟ್ಟೆಯನ್ನು ಗಾಯದ ಮೇಲೆಯೇ ಒಣಗಿಸಿ ಕೀಳುವ ಹಳೆಯ ಪದ್ಧತಿ ಇನ್ನೂ ಇದೆ. ಅದಕ್ಕೆ ಸತ್ತದ್ದು, ಬದುಕಿದ್ದು ಎಂಬ ಭೇದವಿಲ್ಲ, ಹೊಸ ಕೆಂಪು ಮಾಂಸವೂ ಕಿತ್ತು ಬರುತ್ತದೆ. ಅಂಟಿದ್ದರೆ ಸಲೈನ್ ಹನಿಸಿ ಸಡಿಲಿಸಿಯೇ ತೆಗೆ.

ಪಾದದ ಗಾಯದಲ್ಲಿ ಬೆಳ್ಳಗೆ ಹೊಳೆಯುವ ಎಳೆ ಕಂಡರೆ ಸ್ಲಫ್ ಎಂದು ಎಳೆಯಬೇಡ. ಬೆರಳು ಅಲ್ಲಾಡಿಸಲು ಹೇಳು. ಎಳೆಯೂ ಸರಿದಾಡಿದರೆ ಅದು ಸ್ನಾಯುರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಒಣಗಲು ಬಿಡದೆ ಒದ್ದೆಯಾಗಿಟ್ಟು ಡಾಕ್ಟರನ್ನು ಕರೆ.

ಸಕ್ಕರೆ ಕಾಯಿಲೆಯವರ ಹಿಮ್ಮಡಿಯಲ್ಲಿ ಒಣಗಿ ಗಟ್ಟಿಯಾದ ಕಪ್ಪು ಹಕ್ಕಳೆ ಇರುತ್ತದೆ. ಕೆಂಪು, ಕೀವು, ವಾಸನೆ ಇಲ್ಲವೆಂದರೆ ಅದನ್ನು ಮುಟ್ಟಬೇಡ, ನೆನೆಸಲೂಬೇಡ. ಪಾದದ ಮೇಲೆ, ಕಣಕಾಲಿನ ಒಳಬದಿಯಲ್ಲಿ ನಾಡಿ ಹಿಡಿದು ನೋಡು. ರಕ್ತ ಓಡದ ಕಾಲಿನಲ್ಲಿ ಆ ಹಕ್ಕಳೆಯೇ ಮುಚ್ಚಳ. ಕಿತ್ತರೆ ಗಾಯ ಮಾಯದೆ ದೊಡ್ಡದಾಗುತ್ತದೆ. ನಾಡಿ ಸಿಗದಿದ್ದರೆ ಕೇಸ್ ಶೀಟಿನಲ್ಲಿ ಬರೆದು, ರಕ್ತದ ಓಟ ನೋಡುವ ಡಾಪ್ಲರ್ ಪರೀಕ್ಷೆಗೆ ಕೇಳು.

ಯಾವ ಕ್ರಿಮಿ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆಯುವುದು ತೊಳೆದ ಮೇಲೆ, ಮೇಲಿನ ಕೀವಿನಿಂದಲ್ಲ. ನೋವಿನ ಮಾತ್ರೆ ಬರೆದಿದ್ದರೆ ಡ್ರೆಸ್ಸಿಂಗಿಗೆ ಅರ್ಧ ಗಂಟೆ ಮೊದಲೇ ಕೊಟ್ಟಿರು.

ಇತಿ,
ನಿನ್ನ ದೊಡ್ಡಮ್ಮ