ಅಪ್ಪನಿಗೆ, ಪವಿಯ ಕೆಲಸದ ವಿಚಾರವಾಗಿ

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಮ್ಮ, ಅಜ್ಜಿ, ಪವಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ನಿಮ್ಮ ಕಾಗದ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿದರೆ "ಆಯ್ತಮ್ಮ, ಆಯ್ತು" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಪವಿಗೆ ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ ಕೊಡಿಸುತ್ತೇನೆ ಅಂದ ಆ ಏಜೆಂಟಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತೋಟದ ಪತ್ರ ಬೀರುವಿನಲ್ಲೇ ಇರಲಿ. ಶಿವಣ್ಣ ಮಾವ ಏನೇ ಹೇಳಲಿ.

ಪವಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದಾಳೆ, ಹೋದಲ್ಲೆಲ್ಲ ಅನುಭವ ಕೇಳುತ್ತಾರೆ, ಯಾರಾದರೂ ಮೊದಲು ಕೆಲಸ ಕೊಟ್ಟರೆ ತಾನೇ ಅನುಭವ ಬರೋದು ಅಂತ ಬರೆದಿದ್ದೀರಿ. ನಿಜ. ಆದರೆ ಇಂಗ್ಲೆಂಡಿನಲ್ಲಿ ನರ್ಸ್‌ಗಳೇ ಇಲ್ಲ, ಹೋದ ಕೂಡಲೇ ಕೆಲಸ ಅಂತ ಅವನು ಹೇಳಿದ್ದು ಹಳೇ ಕಥೆ. ನಾನು ಬಂದಾಗ ಸುಮಾರಾಗಿ ಹಾಗೇ ಇತ್ತು. 50,000 ನರ್ಸ್‌ಗಳನ್ನು ಹೆಚ್ಚಿಗೆ ಸೇರಿಸುತ್ತೇವೆ ಅಂತ ಇಲ್ಲಿನ ಸರ್ಕಾರ 2019ರಲ್ಲಿ ಮಾತು ಕೊಟ್ಟಿತ್ತು. ನಮ್ಮಂಥವರನ್ನು ಹೊರಗಿನಿಂದ ಕರೆಸಿ 2023ರಲ್ಲಿ ಆ ಲೆಕ್ಕ ಮುಟ್ಟಿಸಿತು. ಆಮೇಲೆ ಆಸ್ಪತ್ರೆಗಳಲ್ಲಿ ದುಡ್ಡಿನ ಬಿಗಿ ಶುರುವಾಯಿತು. ಯಾರಾದರೂ ಕೆಲಸ ಬಿಟ್ಟರೆ ಎಷ್ಟೋ ಕಡೆ ಆ ಜಾಗ ಖಾಲಿಯೇ ಉಳಿಯುತ್ತದೆ. ಈಗ ಇಲ್ಲೇ ಹುಟ್ಟಿ ಇಲ್ಲೇ ಓದಿದ ಮಕ್ಕಳೂ ಮೊದಲ ಕೆಲಸಕ್ಕೆ ಪರದಾಡುತ್ತಿದ್ದಾರೆ.

ನಮ್ಮ ವಾರ್ಡಿನ ಮಾತೇ ಕೇಳಿ. ಇಲ್ಲಿ ನರ್ಸಿಂಗ್ ಓದುವಾಗ 2,300 ಗಂಟೆ ಪ್ರಾಯೋಗಿಕವಾಗಿ, ಹೆಚ್ಚಿನ ಪಾಲು ರೋಗಿಗಳ ಮಧ್ಯೆಯೇ, ಕೆಲಸ ಕಲಿಯಲೇಬೇಕು. ಹಾಗೆ ನಮ್ಮಲ್ಲೇ ಕಲಿತ ಒಬ್ಬ ಹುಡುಗಿ ಇದ್ದಾಳೆ, ಪವಿಯದೇ ವಯಸ್ಸು. ಕೈ ಚುರುಕು, ಅಜ್ಜ ಅಜ್ಜಿಯರ ಹತ್ತಿರ ತಾಳ್ಮೆಯೂ ಉಂಟು. ಬ್ಯಾಂಡ್ 5, ಅಂದರೆ ಹೊಸ ನರ್ಸ್ ಸೇರುವ ಮೊದಲ ದರ್ಜೆಯ ಒಂದು ಹುದ್ದೆ ಕರೆದರು. ಅರ್ಜಿಗಳು ಎಷ್ಟು ಬಂದು ಬಿದ್ದವೆಂದರೆ ಕೊನೇ ದಿನಾಂಕಕ್ಕೂ ಮುಂಚೆಯೇ ಮುಚ್ಚಿಬಿಟ್ಟರು. ಈ ಹುಡುಗಿ ಶನಿವಾರ ಕೂತು ನಿಧಾನವಾಗಿ ಬರೆಯೋಣ ಅಂದುಕೊಂಡಿದ್ದಳಂತೆ. ಈಗ ಅದೇ ವಾರ್ಡಿನಲ್ಲಿ ಸಹಾಯಕಿಯಾಗಿ ಹಾಸಿಗೆ ಬದಲಿಸುತ್ತಿದ್ದಾಳೆ. ಡಿಗ್ರಿಯೂ ಇದೆ, ರಿಜಿಸ್ಟ್ರೇಷನ್ನೂ ಇದೆ, ಆದರೆ ಆ ಕೆಲಸದಲ್ಲಿ ಮಾತ್ರೆಯ ಟ್ರಾಲಿ ಮುಟ್ಟುವ ಹಾಗಿಲ್ಲ. ಗಲಾಟೆ ಜೋರಾದ ಮೇಲೆ 2025ರ ಆಗಸ್ಟ್‌ನಲ್ಲಿ ಸರ್ಕಾರ ಹೊಸ ನರ್ಸ್‌ಗಳಿಗಾಗಿ 'ಗ್ರಾಜುಯೇಟ್ ಗ್ಯಾರಂಟಿ' ಅಂತ ಒಂದು ಯೋಜನೆ ಹೇಳಿತು. ಗ್ಯಾರಂಟಿ ನಮ್ಮ ಕರ್ನಾಟಕದಲ್ಲಿ ಮಾತ್ರ ಅಂದುಕೊಂಡಿದ್ದೆ ನಾನು!

ಆ ಹುದ್ದೆಯ ಇಂಟರ್‌ವ್ಯೂಗೆ ಕೇಳುವವರ ಜೊತೆ ನನ್ನನ್ನೂ ಕೂರಿಸಿದ್ದರು. ಅಮ್ಮನಿಗೆ ಇದನ್ನು ಓದಿ ಹೇಳಿ, ಖುಷಿಪಡುತ್ತಾಳೆ. ಇಲ್ಲಿ ತಮಾಷೆ ಏನೆಂದರೆ ಒಳಗೆ ಕರೆಯುವ ಸ್ವಲ್ಪ ಹೊತ್ತು ಮುಂಚೆ ಪ್ರಶ್ನೆಗಳನ್ನು ಅಭ್ಯರ್ಥಿಯ ಕೈಗೇ ಕೊಟ್ಟರು. ಆಯ್ಕೆಯಾಗದವರಿಗೂ ಫೋನ್ ಮಾಡಿ ಯಾಕೆ ಆಗಲಿಲ್ಲ ಅಂತ ಹೇಳಿದರು. ಪವಿಗೆ ಅಲ್ಲಿ "ಹೇಳಿ ಕಳಿಸ್ತೀವಿ" ಅಂದಿದ್ದರಲ್ಲ, ಹಾಗಲ್ಲ. ಆದರೆ ಕೈಗೆ ಕೊಟ್ಟರೂ ಉತ್ತರ ಬರಬೇಕಲ್ಲ. ಒಬ್ಬರ ಬಿಪಿ ಇಳಿಯುತ್ತಿದೆ, ಇನ್ನೊಬ್ಬರು ಡಿಸ್ಚಾರ್ಜ್ ಮಾಡಿ ಅಂತ ಕೂಗಾಡುತ್ತಿದ್ದಾರೆ, ಮಗದೊಬ್ಬರ ಮಗಳು ಫೋನಿನಲ್ಲಿದ್ದಾಳೆ, ಏನು ಮಾಡುತ್ತೀಯ? ಹೆಚ್ಚಿನವರು ಪುಸ್ತಕ ಒಪ್ಪಿಸಿದರು. ಕೆಲಸ ಸಿಕ್ಕವಳು "ಬಿಪಿ ಇಳಿದವರ ಪಕ್ಕ ಬಿಟ್ಟು ಕದಲುವುದಿಲ್ಲ, ಬೆಲ್ ಒತ್ತಿ ಸಹಾಯ ಕರೆಯುತ್ತೇನೆ" ಅಂದಳು. ಪವಿ ಇದನ್ನು ಗಮನಿಸಲಿ. ಲೆಕ್ಕವನ್ನೂ ಬಿಡಬಾರದು. 500 ಎಂಎಲ್ ಡ್ರಿಪ್, ನಾಲ್ಕು ಗಂಟೆ, ಎಂಎಲ್‌ಗೆ 20 ಹನಿಯ ಸೆಟ್. ನಿಮಿಷಕ್ಕೆ ಎಷ್ಟು ಹನಿ ಅಂದರೆ 42 ಅಂತ ಥಟ್ಟನೆ ಬರಬೇಕು. ಒಂದು ಮಾತು ಮಾತ್ರ ಹೇಳಲೇಬೇಕು, ಕ್ಯಾನುಲಾ, ಅಂದರೆ ಡ್ರಿಪ್ ಕೊಡಲು ರಕ್ತನಾಳಕ್ಕೆ ಚುಚ್ಚಿ ಇಡುವ ಸಣ್ಣ ಕೊಳವೆ, ಹಾಕೋದರಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರು ಇಲ್ಲಿ ಕಡಿಮೆ. ಇಲ್ಲಿನ ಹೊಸಬರಲ್ಲಿ ಎಷ್ಟೋ ಜನ ಕೆಲಸಕ್ಕೆ ಸೇರಿದ ಮೇಲೇ ಅದನ್ನು ಕಲಿಯುತ್ತಾರೆ.

ಇನ್ನು ಏಜೆಂಟಿನ ವಿಷಯ. ಕೆಲಸ ಕೊಡಿಸುತ್ತೇನೆ ಅಂತ ನರ್ಸ್‌ಗಳ ಹತ್ತಿರ ಏಜೆನ್ಸಿ ದುಡ್ಡು ಕೇಳುವ ಹಾಗೇ ಇಲ್ಲ ಅಂತ ಇಲ್ಲಿನ ನಿಯಮ ಇದೆ. ಕೇಳಿದ ಅಂದರೆ ಅಲ್ಲಿಗೇ ಗೊತ್ತಾಯಿತಲ್ಲ. ನರ್ಸ್ ಕೆಲಸ ಆಗದಿದ್ದರೆ ಕೇರ್ ವರ್ಕರ್, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಸಹಾಯಕರ ವೀಸಾ ಮಾಡಿಸುತ್ತೇನೆ ಅಂದನಂತಲ್ಲ, ಅದಂತೂ ಶುದ್ಧ ಸುಳ್ಳು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸುವುದನ್ನೇ ನಿಲ್ಲಿಸಿದ್ದಾರೆ. ಅನುಭವ ಬೇಡವೇ ಬೇಡ ಅಂತ ಅವನು ಅಂದದ್ದರಲ್ಲಿ ಅರ್ಧ ಸತ್ಯ ಇದೆ. ಇಲ್ಲಿನ ನರ್ಸಿಂಗ್ ಕೌನ್ಸಿಲ್ ಕೇಳುವುದಿಲ್ಲ, ಕೆಲಸ ಕೊಡುವ ಆಸ್ಪತ್ರೆ ಕೇಳುತ್ತದೆ. ರಿಜಿಸ್ಟ್ರೇಷನ್ ಇಟ್ಟುಕೊಂಡು ಮನೆಯಲ್ಲಿ ಕೂರೋದಕ್ಕೆ ತೋಟ ಅಡ ಇಡಬೇಕಾ?

ಪವಿಗೆ ಹೇಳಿ, ದೊಡ್ಡ ಆಸ್ಪತ್ರೆಯ ಐಸಿಯುನೇ ಬೇಕು ಅಂತ ಕಾಯಬೇಡ ಅಂತ. ಸಣ್ಣ ಆಸ್ಪತ್ರೆಯ ಜನರಲ್ ವಾರ್ಡ್ ಆದರೂ ಸೇರಿಕೊಳ್ಳಲಿ. ಸಂಬಳ ಕಡಿಮೆ ಅಂತ ಬೇಜಾರಾಗೋದು ಬೇಡ, ಬಸ್ಸಿಗೆ, ಹಾಸ್ಟೆಲಿಗೆ ಎಷ್ಟು ಬೇಕೋ ನಾನು ಕಳಿಸುತ್ತೇನೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಒಪ್ಪಿಸಬಾರದು. ಇಷ್ಟು ದಿನ ಕೆಲಸ ಬಿಡುವ ಹಾಗಿಲ್ಲ ಅನ್ನುವ ಬಾಂಡ್ ಕೇಳಿದರೆ ಸಹಿ ಹಾಕುವ ಮುಂಚೆ ನನಗೆ ಫೋಟೋ ಕಳಿಸಲಿ. ಏಮ್ಸ್‌ನವರು ನರ್ಸ್‌ಗಳನ್ನು ಆರಿಸಲು ನಡೆಸುವ ನಾರ್ಸೆಟ್ ಪರೀಕ್ಷೆಗೆ ಓದಲು ಈಗಲೇ ಶುರು ಮಾಡಲಿ. ಅದರಲ್ಲಿ ಡಿಪ್ಲೊಮಾದವರಿಗೆ ಎರಡು ವರ್ಷದ ಅನುಭವ ಬೇಕು, ಬಿಎಸ್ಸಿಯವರಿಗೆ ಬೇಡ. ಅವಳು ಕೇಳುತ್ತಿದ್ದ ಬಾಗಿಲು ಅದೇ ಅಲ್ವಾ? ಇಲ್ಲಿನ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆ ಈಗ ಬರೆಯುವುದು ಬೇಡ. ಆ ಫಲಿತಾಂಶ ನಡೆಯುವುದು ಎರಡೇ ವರ್ಷ, ಅನುಭವ ಸಿಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಕೆಲಸ ಸಿಗದಿದ್ದರೆ ಮದುವೆ ಮಾಡಿಬಿಡೋಣ ಅಂತ ಅಜ್ಜಿ ಅಂದಿದ್ದಕ್ಕೆ ಉತ್ತರ ಬರೆಯುವುದಿಲ್ಲ.

ಇದನ್ನೆಲ್ಲ ಓದಿ ನನ್ನ ಕೆಲಸಕ್ಕೂ ಕುತ್ತು ಅಂತ ಹೆದರಬೇಡಿ. ನನ್ನದು ಪರ್ಮನೆಂಟ್. ಏನೂ ತೊಂದರೆಯಿಲ್ಲ. ನಿದ್ದೆ ಚೆನ್ನಾಗಿ ಮಾಡುತ್ತೇನೆ, ಚಳಿಗೆ ದಪ್ಪ ಕೋಟು ಇದೆ, ಕೆಮ್ಮು ಪೂರ್ತಿ ಹೋಗಿದೆ, ವಾರ್ಡಿನವರು ತುಂಬಾ ಒಳ್ಳೆಯವರು. ಸುಮ್ನೆ ಹೇಳುತ್ತಿಲ್ಲ.

ನೈಟ್ ಡ್ಯೂಟಿಗೆ ಹೊತ್ತಾಯಿತು, ಬಸ್ ತಪ್ಪುತ್ತದೆ. ನಿಮ್ಮ ಶುಗರ್ ರಿಪೋರ್ಟ್ ಇನ್ನೂ ಕಳಿಸಿಲ್ಲ. ಏಜೆಂಟ್ ಮತ್ತೆ ಬಂದರೆ ನನ್ನ ನಂಬರ್ ಕೊಡಿ, ನಾನೇ ಮಾತಾಡುತ್ತೇನೆ.

ಇಂತಿ ನಿಮ್ಮ ಮಗಳು,
ಸುಮಾ