ಕ್ಯಾಲೊರಿ ಎಣಿಸುವ ಆ್ಯಪ್ ಚಿಕಿತ್ಸೆಯಲ್ಲ

ಮಾನ್ಯ ಸಂಪಾದಕರೇ,

ಆರೋಗ್ಯ ಸಂಬಂಧಿ ಆ್ಯಪ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ತೂಕ ಇಳಿಸುವುದರ ಸುತ್ತಲೇ ಇರುತ್ತವೆ. ಹಸಿವಿಲ್ಲದಿದ್ದರೂ ಗಬಗಬನೆ ತಿನ್ನುತ್ತಾ ಹೋಗಿ, ಸಾಕೆಂದು ಮನಸ್ಸು ಹೇಳಿದರೂ ಕೈ ನಿಲ್ಲದೆ, ಹೊಟ್ಟೆ ಬಿರಿಯುವಂತಾದ ಮೇಲೆ ನಾಚಿಕೆಯಿಂದ ಯಾರಿಗೂ ಹೇಳಿಕೊಳ್ಳದೆ ಕೊರಗುವವರಿಗೆ ಇಂಥ ಬರಹಗಳಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಮನೋವೈದ್ಯರು ಬಿಂಜ್ ಈಟಿಂಗ್ ಎಂದು ಕರೆಯುವ ಈ ತೊಂದರೆಯನ್ನು ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದೇ ಸೇರಿಸಿತು. ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳ ಕಾಲ ಹೀಗಾಗುತ್ತಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು ಎನ್ನುತ್ತದೆ ಆ ಕೈಪಿಡಿ. ನಮ್ಮ ಮನೆಗಳಲ್ಲಿ ಮಾತ್ರ ಇದು ಇನ್ನೂ ಬಾಯಿಚಪಲವೇ. ಚಕ್ಕುಲಿ ಡಬ್ಬವನ್ನು ಅಟ್ಟದ ಮೇಲಿಡುವುದೇ ಅದಕ್ಕೆ ಪರಿಹಾರ.

ಈ ತೊಂದರೆಯ ಸುಳಿ ಹಲವರಲ್ಲಿ ಊಟ ಬಿಡುವುದರಿಂದಲೇ ಶುರುವಾಗುತ್ತದೆ. ನಿನ್ನೆ ರಾತ್ರಿ ಮಿತಿಮೀರಿತೆಂದು ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಅರ್ಧ ಮುದ್ದೆಗೆ ಎದ್ದು, ಸಂಜೆಯವರೆಗೆ ಬಿಗಿಹಿಡಿದು ಕೂತ ದೇಹ ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಬಾಕಿಯನ್ನು ಬಡ್ಡಿಸಮೇತ ವಸೂಲು ಮಾಡುತ್ತದೆ. ಇಂಥವರ ಕೈಗೆ ಕ್ಯಾಲೊರಿ ಲೆಕ್ಕದ ಆ್ಯಪ್ ಕೊಟ್ಟರೆ, ಅದು ಮಿತಿ ಮೀರಿದ್ದನ್ನು ಕೆಂಪಕ್ಷರದಲ್ಲಿ ತೋರಿಸಿ ನಾಳೆ ಇನ್ನಷ್ಟು ಕಡಿತ ಮಾಡಲು ಹೇಳುತ್ತದೆ. ಅಂದರೆ ರೋಗಕ್ಕೆ ಕಾರಣವಾದದ್ದನ್ನೇ ಮದ್ದೆಂದು ಬರೆದುಕೊಡುತ್ತದೆ.

ಮನೋಚಿಕಿತ್ಸೆಯ ತತ್ವದ ಮೇಲೆ ಕಟ್ಟಿದ ಆ್ಯಪ್‌ಗಳ ದಾರಿಯೇ ಬೇರೆ. ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಅವರು ರೂಪಿಸಿದ ಅರಿವು-ವರ್ತನೆ ಚಿಕಿತ್ಸೆಯಲ್ಲಿ (ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಮನೋಚಿಕಿತ್ಸೆ, ಸಿಬಿಟಿ) ಮೊದಲ ಕೆಲಸ ಹೊತ್ತಿಗೆ ಸರಿಯಾಗಿ ಉಣ್ಣುವುದು: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿಲ್ಲದಂತೆ. ತೂಕ ನೋಡುವುದು ವಾರಕ್ಕೊಮ್ಮೆ ಮಾತ್ರ. ತಿಂದದ್ದನ್ನು ತಿಂದ ಕೂಡಲೇ ಬರೆಯಬೇಕು. ಎಷ್ಟು ಕ್ಯಾಲೊರಿ ಎಂದಲ್ಲ, ಎಲ್ಲಿ, ಯಾವಾಗ, ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು. ಅತ್ತೆ, ಮಕ್ಕಳು, ನೆಂಟರು ಓಡಾಡುವ ಮನೆಯಲ್ಲಿ ಇಂಥ ದಿನಚರಿಯನ್ನು ನೋಟುಪುಸ್ತಕದಲ್ಲಿ ಬರೆದಿಡಲು ಯಾರಿಗೆ ತಾನೇ ಧೈರ್ಯ ಬಂದೀತು? ಲಾಕ್ ಇರುವ ಫೋನಿನಲ್ಲಿ ಅದು ಸಾಧ್ಯ. (ಮನೆಗೆಲ್ಲ ಒಂದೇ ಫೋನ್ ಇರುವ ಕಡೆ ಈ ಮಾತು ನಿಲ್ಲುವುದಿಲ್ಲ.)

ಆದರೆ ಆ್ಯಪ್ ಒಂದೇ ಸಾಲದು. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2017ರ ಮಾರ್ಗಸೂಚಿಯು ಬಿಂಜ್ ಈಟಿಂಗ್ ಇರುವ ವಯಸ್ಕರಿಗೆ ಮೊದಲ ಹಂತದಲ್ಲಿ ಸೂಚಿಸಿರುವುದು ಮಾರ್ಗದರ್ಶನವಿರುವ ಸ್ವಸಹಾಯವನ್ನು: ರೋಗಿ ಪಾಠಗಳನ್ನು ತಾನೇ ಅನುಸರಿಸಬೇಕು, ಜೊತೆಗೆ 16 ವಾರಗಳಲ್ಲಿ ನಾಲ್ಕರಿಂದ ಒಂಬತ್ತು ಬಾರಿ, ತಲಾ 20 ನಿಮಿಷ, ತರಬೇತಿ ಪಡೆದವರೊಬ್ಬರು ಮಾತನಾಡಿಸಬೇಕು. ತೂಕ ಇಳಿಕೆ ಈ ಚಿಕಿತ್ಸೆಯ ಗುರಿಯಲ್ಲವೆಂದು ರೋಗಿಗೆ ತಿಳಿಸಬೇಕೆಂದೂ ಅದು ಹೇಳುತ್ತದೆ. ಮನುಷ್ಯರ ಕಣ್ಗಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಆಹಾರ ಅಸ್ವಸ್ಥತೆ ಸಂಘದ ‘ಟೆಸ್ಸಾ’ ಚಾಟ್‌ಬಾಟ್ ನಿದರ್ಶನ. ಸಹಾಯ ಕೇಳಿ ಬಂದವರಿಗೆ ಅದು ಕ್ಯಾಲೊರಿ ಕಡಿತದ ಸಲಹೆ ಕೊಟ್ಟದ್ದು ಬಯಲಾದ ಮೇಲೆ 2023ರಲ್ಲಿ ಸಂಘ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ನಮ್ಮಲ್ಲಿ ಇದನ್ನು ಸರಿಯಾಗಿ ಮಾಡಲು ಬೇಕಾದ ಬುನಾದಿ ಆಗಲೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಫೋನಿನಲ್ಲೇ ಮಾನಸಿಕ ಆರೋಗ್ಯದ ನೆರವು ನೀಡುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಆಪ್ತಸಮಾಲೋಚಕರೊಡನೆ ಮಾತನಾಡಬಹುದು. 2024ರಲ್ಲಿ ಅದರ ಆ್ಯಪ್ ಕೂಡ ಬಂದಿದೆ. ಬಿಂಜ್ ಈಟಿಂಗ್‌ಗೆಂದೇ ಸಿದ್ಧಪಡಿಸಿದ ಕನ್ನಡ ದಿನಚರಿ ಮತ್ತು ಪಾಠಗಳನ್ನು ಆ ಆ್ಯಪ್‌ನಲ್ಲಿ ಅಳವಡಿಸಿ, ಬಳಸುವವರಿಗೆ ವಾರಕ್ಕೊಮ್ಮೆ ಸಮಾಲೋಚಕರೇ ಕರೆ ಮಾಡುವ ವ್ಯವಸ್ಥೆ ಮಾಡಬೇಕೆಂದು ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆಯನ್ನು ಈ ಪತ್ರದ ಮೂಲಕ ಕೋರುತ್ತೇನೆ. ಅದರಲ್ಲಿ ಇಡ್ಲಿ, ಚಿತ್ರಾನ್ನ, ಜೋಳದ ರೊಟ್ಟಿಯ ಹೆಸರಿರಲಿ, ಏಕಾದಶಿ ಸಂಕಷ್ಟಿಗಳ ಉಪವಾಸದ ಮರುದಿನ ಏನು ಮಾಡಬೇಕೆಂಬುದೂ ಇರಲಿ. ಬರೆದಿಟ್ಟ ಗುಟ್ಟು ಜಾಹೀರಾತು ಕಂಪನಿಗಳ ಕೈಸೇರದಂತೆ ಲಿಖಿತ ಭರವಸೆಯೂ ಬೇಕು.

ತಿಂದ ಮೇಲೆ ಬೇಕೆಂದೇ ವಾಂತಿ ಮಾಡುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಬದುಕೇ ಬೇಡವೆನಿಸಿದವರು ಯಾವ ಆ್ಯಪ್ ಅನ್ನೂ ಕಾಯದೆ ನೇರವಾಗಿ ವೈದ್ಯರನ್ನು ಕಾಣಬೇಕು.

ಇಂತಿ,
ಓದುಗರೊಬ್ಬರು, ಮೈಸೂರು